ಯಕ್ಷಗಾನ ಬೊಂಬೆಯಾಟದ ಪೂರ್ವೋತ್ತರ

ಕಳೆದ ನವರಾತ್ರಿಯ ರಜೆಯಲ್ಲಿ ಕುಂಬಳೆ ಸೀಮೆಯ ಒಂದು ದೇವಾಲಯದ ಪ್ರಾಂಗಣದಲ್ಲಿ ಮಕ್ಕಳಿಗಾಗಿ ಯಕ್ಷಗಾನ ಬೊಂಬೆಯಾಟವು ಏರ್ಪಟ್ಟಿದ್ದಿತು. ಪ್ರಸಂಗ ಪಂಚವಟಿ. ವೃದ್ಧರಾದ ತಾಯಿಯವರನ್ನೂ ಕರೆದುಕೊಂಡು ಸಕುಟುಂಬವಾಗಿ ಹೋಗಿದ್ದೆನು. ಆರನೆಯ ತರಗತಿಯಲ್ಲಿರುವ ನನ್ನ ಮಗನು ಕನ್ನಡದ ಪಾಠಪುಸ್ತಕವನ್ನು ಕಂಡರೆ ಮುಖ ತಿರುಗಿಸುವವನು. ಕನ್ನಡ ಪಂಡಿತನ ಮನೆಯಲ್ಲಿ ಇದು ಹೇಳಿಕೊಳ್ಳತಕ್ಕ ಸಂಗತಿಯಲ್ಲವಾದರೂ ವಾಚಕರಲ್ಲಿ ಮುಚ್ಚಿಡುವುದೇಕೆ? ಅಂತಹವನು ಮಾಯಾ ಶೂರ್ಪನಖಿಯು ಬಳುಕುತ್ತ ಬಂದೊಡನೆ ಮುಂದಿನ ಸಾಲಿಗೆ ನುಸುಳಿದನು. ಮನೆಗೆ ಮರಳುವ ದಾರಿಯಲ್ಲಿ, "ಅಪ್ಪ, ಇದನ್ನು ಮೊದಲು ಆಡಿಸಿದವರು ಯಾರು?" ಎಂದು ಕೇಳಿದನು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಬೊಂಬೆಯಾಟವು ನಮ್ಮಲ್ಲಿ ಬಹು ಪ್ರಾಚೀನವಾದುದು. ಮಹಾಭಾರತದ ವನಪರ್ವದಲ್ಲಿ ದ್ರೌಪದಿಯು ಧರ್ಮರಾಜನೊಡನೆ ವಾದಿಸುವಾಗ, ಈಶ್ವರನ ವಶದಲ್ಲಿರುವ ಜೀವಿಗಳನ್ನು ಮರದ ಬೊಂಬೆಗೆ ಹೋಲಿಸುತ್ತಾಳೆ. ಕೇಳುವವರು ಆಡುವ ಬೊಂಬೆಯನ್ನು ಕಂಡರಿಯದಿದ್ದರೆ ಆ ಉಪಮೆಯು ನಿಲ್ಲಲಾರದು. ಜರ್ಮನಿಯ ವಿದ್ವಾಂಸ ರಿಚರ್ಡ್ ಪಿಷೆಲ್ 1900ರಲ್ಲಿ, ಬೊಂಬೆಯಾಟದ ತವರು ಭಾರತವೆಂದೂ, ನಾಟಕದ ಸೂತ್ರಧಾರನು ಮೂಲತಃ ಬೊಂಬೆಯ ದಾರ ಹಿಡಿದವನೆಂದೂ ವಾದಿಸಿದನು. ಮನಸ್ಸನ್ನು ಸೆಳೆಯುವ ವಾದವೇ ಹೌದು. ಆದರೆ ಶಿಲ್ಪಿಯ ಅಳತೆಯ ದಾರಕ್ಕೂ ಸೂತ್ರವೆಂಬ ಹೆಸರಿರುವುದರಿಂದ, ಪದವೊಂದನ್ನೇ ನೆಚ್ಚಿ ಚರಿತ್ರೆಯನ್ನು ಕಟ್ಟುವುದು ಸರಿಯಲ್ಲವೆಂದು ನನ್ನ ಮತ.

ಕರಾವಳಿಯಲ್ಲಿ ಈ ಕಲೆಯು ಯಕ್ಷಗಾನದ ವೇಷವನ್ನೇ ತೊಟ್ಟಿತು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನವು ಬಡಗುತಿಟ್ಟಿನ ಬೊಂಬೆಗಳನ್ನು ತಲೆಮಾರುಗಳಿಂದ ಆಡಿಸಿಕೊಂಡು ಬಂದಿತು. ಆ ಮನೆತನದ ಕೊಗ್ಗ ದೇವಣ್ಣ ಕಾಮತರಿಗೆ 1980ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯು ಸಂದಿತು. ತೆಂಕುತಿಟ್ಟಿನ ಕಿರೀಟ, ಕುಣಿತ, ಚೆಂಡೆಗಳನ್ನು ಬೊಂಬೆಗೆ ಒಗ್ಗಿಸಿದ ಕೀರ್ತಿಯಾದರೋ ನಮ್ಮ ಕಾಸರಗೋಡಿನದು, ಶ್ರೀ ಕೆ. ವಿ. ರಮೇಶರ ನಿರ್ದೇಶನದ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವು ಅದನ್ನು ಹೊರದೇಶಗಳಿಗೂ ಕೊಂಡೊಯ್ದಿದೆ.

ಯಕ್ಷಗಾನದ ಬೊಂಬೆಗೆ ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಸಂದುಗಳಿರುತ್ತವೆ. ಐದರಿಂದ ಏಳು ದಾರಗಳು ಮೇಲಿನ ಹಿಡಿಗೆ ಬಂದು ಸೇರುತ್ತವೆ. ತಮಿಳುನಾಡಿನ ಬೊಮ್ಮಲಾಟದ ಬೊಂಬೆಯಾದರೋ ನಾಲ್ಕೂವರೆ ಅಡಿಯಷ್ಟು ಎತ್ತರ, ಸುಮಾರು ಹತ್ತು ಕಿಲೋಗ್ರಾಂ ತೂಕದ್ದೂ ಇರುವುದುಂಟು. ಆಡಿಸುವವನು ಅದರ ದಾರಗಳನ್ನು ಕಬ್ಬಿಣದ ಬಳೆಗೆ ಕಟ್ಟಿ ತಲೆಯ ಮೇಲೆ ಹೊರುತ್ತಾನೆ, ಕೈಗಳನ್ನು ಸಲಾಕಿಯಿಂದ ಆಡಿಸುತ್ತಾನೆ. ಪಾಲಕ್ಕಾಡಿನ ಪಾವಕಥಕಳಿಯಲ್ಲಿ ದಾರವೇ ಇಲ್ಲ. ಬೊಂಬೆಯೊಳಗೆ ಕೈಯನ್ನೇ ತೂರಿಸಬೇಕು. ಅಳಿವಿನಂಚಿನಲ್ಲಿದ್ದ ಆ ಕಲೆಯು 1980ರ ದಶಕದಲ್ಲಿ ಚೇತರಿಸಿಕೊಂಡುದಕ್ಕೆ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಪ್ರೋತ್ಸಾಹವೂ ಕಾರಣ.

ಇಷ್ಟೆಲ್ಲ ಇದ್ದರೂ ಮರಕ್ಕೆ ಬಾಯಿಲ್ಲ. ಬೊಂಬೆಯ ಜೀವವಿರುವುದು ಭಾಗವತಿಕೆಯಲ್ಲಿ, ಅರ್ಥಗಾರಿಕೆಯಲ್ಲಿ, ಎಂದರೆ ಕನ್ನಡದಲ್ಲಿ. ಈಚೆಗೆ ಕೆಲವೆಡೆ ಧ್ವನಿಮುದ್ರಣವನ್ನೇ ಹಚ್ಚಿ ಆಡಿಸುವ ರೂಢಿಯುಂಟು. ಖರ್ಚು ಉಳಿಯುತ್ತದೆ, ಒಪ್ಪುತ್ತೇನೆ. ರುಚಿಯೂ ಅಲ್ಲಿಯೇ ಉಳಿದುಬಿಡುತ್ತದೆ. ಅಂದಿನ ಆಟವೂ ಅಂತಹುದೇ. ಲಕ್ಷ್ಮಣನು ಖಡ್ಗವೆತ್ತಿದ ಕ್ಷಣದಲ್ಲಿ ವಿದ್ಯುತ್ತು ಹೋಯಿತು. ಮಕ್ಕಳು ಕೂಗಿಕೊಂಡರು. ಯಾರೋ ಇಬ್ಬರು ಟಾರ್ಚು ಹಿಡಿದರು. ಆಗ ಪರದೆಯ ಹಿಂದಿನಿಂದ ಮುದಿ ಕಂಠವೊಂದು ಪದ್ಯವನ್ನೆತ್ತಿತು. ದಾರ ಹಿಡಿದಿದ್ದ ತರುಣನೇ ಲಕ್ಷ್ಮಣನ ಮಾತನ್ನಾಡಿದನು. ಮಾತು ಎರಡು ಬಾರಿ ತಪ್ಪಿತು, ಮಕ್ಕಳು ನಕ್ಕರು, ಅವನೂ ನಕ್ಕು ಮುಂದುವರಿಸಿದನು. ನನ್ನ ತಾಯಿಯವರು ಪದ್ಯದೊಡನೆ ತುಟಿಯಾಡಿಸುತ್ತಿದ್ದುದನ್ನು ನಾನು ಅದೇ ಮೊದಲು ಕಂಡೆನು. ದೀಪ ಬಂದ ಮೇಲೂ ಯಂತ್ರವನ್ನು ಹಚ್ಚಬೇಡಿರೆಂದು ಸಭಿಕರೇ ಕೇಳಿಕೊಂಡರು.

ಪಂಚವಟಿಯನ್ನು ರಚಿಸಿದವನು ಕುಂಬಳೆಯ ಪಾರ್ತಿಸುಬ್ಬನೆಂಬುದು ನಮ್ಮವರ ಅಭಿಮಾನದ ನಂಬಿಕೆ. ಮುಳಿಯ ತಿಮ್ಮಪ್ಪಯ್ಯನವರು ಅದನ್ನು ಎತ್ತಿಹಿಡಿದರು, ಶಿವರಾಮ ಕಾರಂತರು ಒಪ್ಪಲಿಲ್ಲ. ಆ ವಾದವನ್ನು ಮಗನಿಗೆ ವಿವರಿಸಹೊರಟೆನು, ಅವನು ಕೇಳಲಿಲ್ಲ. ಮರುದಿನ ಕಪಾಟಿನಿಂದ ಪ್ರಸಂಗದ ಹಳೆಯ ಪ್ರತಿಯನ್ನು ತಾನೇ ತೆಗೆದು ಅಜ್ಜಿಯ ಪಕ್ಕದಲ್ಲಿ ಕುಳಿತು ಓದಿದನು. ಶೂರ್ಪನಖಿಯ ಪದ್ಯದಲ್ಲಿ ಮೂರು ಕಡೆ ತಡವರಿಸಿದನು. ಅರ್ಥವನ್ನು ಮಾತ್ರ ಯಾರನ್ನೂ ಕೇಳಲಿಲ್ಲ.