ಮರಳಿನಲ್ಲಿ ಸಿಕ್ಕ ಬೆರಳು: ಪಳೆಯುಳಿಕೆಯ ವಯಸ್ಸು ಲೆಕ್ಕ ಹಾಕುವ ಬಗೆ

ಕೊಲ್ಲಿ ನಾಡಿನ ಇತಿಹಾಸ ಎಂದಾಗ ನಾವು ಮುತ್ತು ತೆಗೆಯುವವರಿಂದ ಶುರುಮಾಡಿ ತೈಲದ ಬಾವಿಗೆ ಬಂದು ನಿಲ್ಲುತ್ತೇವೆ. ಅದಕ್ಕೂ ಹಿಂದೆ ಇಲ್ಲಿ ಬರೀ ಮರಳಿತ್ತು ಎಂದುಕೊಳ್ಳುತ್ತೇವೆ. ಸೌದಿ ಅರೇಬಿಯಾದ ಉತ್ತರದ ನಫೂದ್ ಮರುಭೂಮಿಯಲ್ಲಿ, ಅಲ್ ವುಸ್ತಾ ಎಂಬಲ್ಲಿ, 2016ರಲ್ಲಿ ಸಿಕ್ಕ ಒಂದು ಮೂಳೆ ಬೇರೆಯೇ ಕಥೆ ಹೇಳುತ್ತದೆ. ಅದು ಬೆರಳಿನ ನಡುಭಾಗದ ಮೂಳೆ. ಉದ್ದ ಸುಮಾರು 3.2 ಸೆಂಟಿಮೀಟರ್. ಸ್ಕ್ಯಾನ್ ಮಾಡಿ ಇತರ ಪ್ರಾಣಿಗಳ ಹಾಗೂ ನಿಯಾಂಡರ್ತಾಲ್ ಮಾನವರ ಮೂಳೆಗಳೊಂದಿಗೆ ಹೋಲಿಸಿದ ವಿಜ್ಞಾನಿಗಳು, ಇದು ನಮ್ಮಂಥದೇ ಮನುಷ್ಯನದು, ಅಂದರೆ ಹೋಮೋ ಸೇಪಿಯನ್ಸ್‌ನದು ಎಂದು ಗುರುತಿಸಿದರು. ಉಳಿದ ಪ್ರಶ್ನೆ ಒಂದೇ: ಇದಕ್ಕೆ ಎಷ್ಟು ವಯಸ್ಸು?

ಮೊದಲ ಸುಳಿವು ಮಣ್ಣಿನ ಪದರಗಳು. ಕಟ್ಟಡದ ಕೆಲಸ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿನ ವರಸೆ ಇಟ್ಟ ಮೇಲೆಯೇ ಮೇಲಿನದು ಬರುತ್ತದೆ. ಹಾಗೆಯೇ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಆದರೆ ಪದರಗಳು ಯಾವುದು ಮೊದಲು, ಯಾವುದು ನಂತರ ಎಂದಷ್ಟೇ ಹೇಳುತ್ತವೆ. ಎಷ್ಟು ವರ್ಷ ಎಂದು ಹೇಳುವುದಿಲ್ಲ.

ವರ್ಷದ ಲೆಕ್ಕಕ್ಕೆ ನಾವೆಲ್ಲ ಕೇಳಿರುವ ವಿಧಾನ ಕಾರ್ಬನ್ ಪರೀಕ್ಷೆ. ಅಮೆರಿಕದ ವಿಲಾರ್ಡ್ ಲಿಬ್ಬಿ ಇದನ್ನು ರೂಪಿಸಿ 1960ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಜೀವಿ ಸತ್ತ ಮೇಲೆ ಅದರೊಳಗಿನ ಕಾರ್ಬನ್-14 ಸುಮಾರು 5,730 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹೀಗೆ ಇಳಿಯುತ್ತ ಇಳಿಯುತ್ತ ಸುಮಾರು 50 ಸಾವಿರ ವರ್ಷಗಳ ಹೊತ್ತಿಗೆ ಅಳೆಯಲು ಏನೂ ಉಳಿಯುವುದಿಲ್ಲ. ಅಲ್ ವುಸ್ತಾದ ಬೆರಳು ಅದಕ್ಕಿಂತ ಹಳೆಯದು. ಹಾಗಾಗಿ ಬೇರೆ ಗಡಿಯಾರ ಬೇಕಾಯಿತು.

ಆ ಗಡಿಯಾರವೇ ಯುರೇನಿಯಂ. ಇದು ನೀರಿನಲ್ಲಿ ಕರಗುತ್ತದೆ. ಹೂತುಹೋದ ಮೂಳೆ ತೇವದೊಂದಿಗೆ ಅದನ್ನೂ ಹೀರಿಕೊಳ್ಳುತ್ತದೆ. ಒಳಗೆ ಸೇರಿದ ಯುರೇನಿಯಂ ನಿಧಾನವಾಗಿ ಥೋರಿಯಂ ಆಗಿ ಬದಲಾಗುತ್ತದೆ. ಥೋರಿಯಂ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಆದ್ದರಿಂದ ಮೂಳೆಯೊಳಗಿನ ಥೋರಿಯಂ ಅಲ್ಲೇ ಹುಟ್ಟಿದ್ದು ಎಂದು ಹಿಡಿಯಬಹುದು. ಎರಡರ ಪ್ರಮಾಣ ಅಳೆದರೆ ಎಷ್ಟು ಕಾಲ ಕಳೆಯಿತು ಎಂಬ ಲೆಕ್ಕ ಸಿಗುತ್ತದೆ. ಲೇಸರ್‌ನಿಂದ ಕಣ್ಣಿಗೆ ಕಾಣದಷ್ಟು ಚೂರು ತೆಗೆದು ಅಳೆದಾಗ ಬಂದ ಉತ್ತರ ಸುಮಾರು 87,600 ವರ್ಷ. ಮೂಳೆ ಯುರೇನಿಯಂ ಹೀರಿದ್ದು ಹೂತುಹೋದ ಮೇಲೆ. ಆದ್ದರಿಂದ ಇದು ಕನಿಷ್ಠ ವಯಸ್ಸು. ನಿಜವಾದ ವಯಸ್ಸು ಇನ್ನೂ ಸ್ವಲ್ಪ ಹೆಚ್ಚಿರಬಹುದು.

ಒಬ್ಬ ಸಾಕ್ಷಿಯ ಮಾತು ಸಾಲದು. ಹಾಗಾಗಿ ಮರಳನ್ನೂ ವಿಚಾರಿಸಿದರು. ಹೂತ ಮರಳಿನ ಕಣ ಸುತ್ತಲಿನ ಮಣ್ಣಿನ ವಿಕಿರಣದಿಂದ ಶಕ್ತಿಯನ್ನು ಕೂಡಿಡುತ್ತ ಹೋಗುತ್ತದೆ. ಬಿಸಿಲು ಬಿದ್ದರೆ ಆ ಗಂಟು ಖಾಲಿ. ಅದಕ್ಕೇ ಮಾದರಿಯನ್ನು ಬೆಳಕು ತಾಗದಂತೆ ತೆಗೆದು, ಕತ್ತಲೆ ಕೋಣೆಯಲ್ಲಿ ಅದರ ಮೇಲೆ ಬೆಳಕು ಹಾಯಿಸುತ್ತಾರೆ. ಆಗ ಕಣ ಹೊರಸೂಸುವ ಹೊಳಪಿನಿಂದ, ಅದು ಕೊನೆಯ ಬಾರಿ ಸೂರ್ಯನನ್ನು ಕಂಡು ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಅಲ್ಲೇ ಸಿಕ್ಕ ನೀರಾನೆಯ ಹಲ್ಲನ್ನೂ ಪರೀಕ್ಷಿಸಿದರು. ಎಲ್ಲವನ್ನೂ ಕೂಡಿಸಿ ನೋಡಿದಾಗ ಬೆರಳಿನ ವಯಸ್ಸು ಸುಮಾರು 86ರಿಂದ 95 ಸಾವಿರ ವರ್ಷ ಎಂದು ತೀರ್ಮಾನವಾಯಿತು. ವರದಿ 2018ರಲ್ಲಿ ಪ್ರಕಟವಾಯಿತು.

ನೀರಾನೆ ಇದ್ದಲ್ಲಿ ನೀರು ಇರಲೇಬೇಕು. ಹೌದು, ಅಲ್ಲಿ ಆಗ ಸಿಹಿನೀರಿನ ಕೆರೆಯಿತ್ತು. ಮಳೆ ಹೆಚ್ಚಿದ ಕಾಲದಲ್ಲಿ ಅರೇಬಿಯಾ ಹಸಿರಾಗಿತ್ತು; ಹುಲ್ಲು, ನೀರು, ಬೇಟೆ ಅರಸಿ ಜನ ಇಲ್ಲಿಗೆ ಬಂದರು. ಆಫ್ರಿಕಾದಿಂದ ಹೊರಟ ನಮ್ಮ ಪೂರ್ವಜರು ಇಸ್ರೇಲ್ ಸುತ್ತಲಿನ ಪ್ರದೇಶವನ್ನು ದಾಟಿ ಮುಂದೆ ಹೋದದ್ದು ಸುಮಾರು 60 ಸಾವಿರ ವರ್ಷಗಳ ಹಿಂದೆ ಎಂದು ಅನೇಕರು ನಂಬಿದ್ದರು. ಒಂದು ಬೆರಳು ಆ ಲೆಕ್ಕವನ್ನು ಹಿಂದಕ್ಕೆ ತಳ್ಳಿತು. ಹೊಟ್ಟೆಪಾಡಿಗೆ ಈ ನೆಲಕ್ಕೆ ಬಂದವರಲ್ಲಿ ನಾವು ಮೊದಲಿಗರಲ್ಲ!

ಇದೇ ಬಗೆಯ ವಿದ್ಯೆ ನಮ್ಮೂರಿನ ನೆಲವನ್ನೂ ಮುಟ್ಟಿದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ತಂಡ ಆದಿಮಾನವರು ಸುಣ್ಣಕಲ್ಲಿನಿಂದ ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಅಗೆಯಿತು. ಅಲ್ಲಿನ ಪ್ರಾಣಿಗಳ ಹಲ್ಲಿನ ಎನಾಮೆಲ್ ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ಹೋಮೋ ಸೇಪಿಯನ್ಸ್ ಇನ್ನೂ ಹುಟ್ಟಿರದ ಕಾಲವದು.

ಈ ಎಲ್ಲ ಲೆಕ್ಕವೂ ನಿಂತಿರುವುದು ಒಂದು ಮಾತಿನ ಮೇಲೆ: ವಸ್ತು ತಾನಿದ್ದ ಪದರದಲ್ಲೇ ಇರಬೇಕು. ಸುತ್ತಲಿನ ಮಣ್ಣಿನ ವಿಕಿರಣ ಎಷ್ಟೆಂದು ಗೊತ್ತಾಗದಿದ್ದರೆ ಹಲ್ಲಿನ ಲೆಕ್ಕವೂ ಸಿಗದು, ಮರಳಿನ ಲೆಕ್ಕವೂ ಸಿಗದು. ರಜೆಯ ದಿನ ಮರುಭೂಮಿಗೆ ಹೋದಾಗ ಚೂಪು ಕಲ್ಲೋ, ಕಲ್ಲಾದ ಮೂಳೆಯೋ ಕಂಡರೆ ಊರಿಗೆ ಒಯ್ಯುವ ಆಸೆ ನಮಗಾಗುವುದು ಸಹಜ. ಒಯ್ದರೆ ಅದು ಕಪಾಟಿನಲ್ಲಿ ಬರೀ ಕಲ್ಲು. ಮೇಲೆ ಕಾನೂನಿನ ತೊಡಕು ಬೇರೆ. ಫೋಟೋ ತೆಗೆದು, ಜಾಗ ಗುರುತಿಟ್ಟು, ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ತಿಳಿಸೋಣ. ಕಲ್ಲು ಇದ್ದಲ್ಲೇ ಇರಲಿ.