ಅರಳುಮರಳಿನಿಂದ ಅಂತರ್ಜಾಲದವರೆಗೆ

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ನಮ್ಮಲ್ಲಿ ಮನೆಮಾತು. ಹಿರಿಯರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳತೊಡಗಿದರೆ, ದಿನವೂ ನಡೆದ ಓಣಿಯಲ್ಲೇ ದಾರಿ ತಪ್ಪಿದರೆ, ‘ವಯಸ್ಸಾತು, ಇನ್ನೇನು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಹಾಗಾದರೆ ಮರೆಗುಳಿತನ ಮುಪ್ಪಿನ ಸಹಜ ಲಕ್ಷಣವೋ, ರೋಗವೋ? ಈ ಪ್ರಶ್ನೆಯ ಮುಂದೆ ವೈದ್ಯಶಾಸ್ತ್ರವೂ ಬಹುಕಾಲ ತಡವರಿಸಿತು.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ ಮಹಿಳೆಯನ್ನು ಕರೆತರಲಾಯಿತು. ಆಕೆಯ ವಯಸ್ಸು ಕೇವಲ 51. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಮೆದುಳನ್ನು ಪರೀಕ್ಷಿಸಿದ ಡಾ. ಅಲೋಯಿಸ್ ಆಲ್ಝೈಮರ್ ಅದರಲ್ಲಿ ಅಸಹಜ ಗಂಟುಗಳನ್ನು ಕಂಡರು. ರೋಗಕ್ಕೆ ಅವರ ಹೆಸರೇ ಬಂದಿತು. ಆದರೆ ಹಲವು ದಶಕ ಆ ಹೆಸರು ನಡುವಯಸ್ಸಿನವರಿಗಷ್ಟೇ ಮೀಸಲಾಗಿ, ಮುದುಕರ ಮರೆವು ಮುಪ್ಪಿನ ಲೆಕ್ಕಕ್ಕೇ ಸೇರುತ್ತಿತ್ತು. ಎರಡೂ ಒಂದೇ ರೋಗವೆಂದು ಅಮೆರಿಕದ ನರತಜ್ಞ ರಾಬರ್ಟ್ ಕಾಟ್ಜ್‌ಮನ್ 1976ರಲ್ಲಿ ವಾದಿಸಿದ ಮೇಲೆ ವೈದ್ಯರ ನೋಟ ಬದಲಾಯಿತು.

ರೋಗವೆಂದ ಮೇಲೆ ತಡೆಯುವ ಮಾರ್ಗದ ಹುಡುಕಾಟವೂ ಸಹಜ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 50ರಿಂದ 65 ವರ್ಷದೊಳಗಿನ 18,154 ಜನರನ್ನು ಗಮನಿಸಿತು. ಕೆಲವರನ್ನು 17 ವರ್ಷಗಳವರೆಗೂ ಹಿಂಬಾಲಿಸಿತು. ನಿಯಮಿತವಾಗಿ ಅಂತರ್ಜಾಲ ಬಳಸುವವರಲ್ಲಿ ಮರೆಗುಳಿ ರೋಗದ ಅಪಾಯ ಉಳಿದವರಿಗಿಂತ ಸುಮಾರು ಅರ್ಧದಷ್ಟಿತ್ತು. ದಿನಕ್ಕೆ ಎರಡು ಗಂಟೆಯೊಳಗೆ ಬಳಸಿದವರಲ್ಲಿ ಅದು ಅತಿ ಕಡಿಮೆ. ಇಡೀ ದಿನ ತೆರೆ ನೋಡಿದ್ದಕ್ಕೆ ಹೆಚ್ಚಿನ ಫಲವೇನೂ ಕಾಣಲಿಲ್ಲ.

ಇಲ್ಲಿ ಎಚ್ಚರವೂ ಬೇಕು. ಓದು, ಆದಾಯ, ಆರೋಗ್ಯ ಉಳ್ಳವರೇ ಅಂತರ್ಜಾಲದ ಕಡೆ ಹೆಚ್ಚು ಹೋಗುತ್ತಾರೆ. ಮರೆವು ಆರಂಭವಾದವರು ಅದನ್ನು ತಾವಾಗಿಯೇ ಬಿಟ್ಟುಬಿಡಲೂಬಹುದು. ಸಂಶೋಧಕರು ಇಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಫೋನೇ ಮದ್ದು ಎನ್ನಲು ಇಷ್ಟು ಸಾಲದು.

ಹುಕ್ಕೇರಿಯ ಹಿರಿಯರನ್ನು ಈ ಬೆಳಕಿನಲ್ಲಿ ನೋಡಬೇಕು. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾದಾಗ, ಇಂದು ಎಪ್ಪತ್ತರ ಆಸುಪಾಸಿನಲ್ಲಿರುವವರು ಇನ್ನೂ ಹುಡುಗರು. 1995ರ ಆಗಸ್ಟ್ 15ರಂದು ಭಾರತದ ಜನಸಾಮಾನ್ಯರಿಗೆ ಅಂತರ್ಜಾಲ ತೆರೆದಾಗ ಅವರಿಗೆ ನಾಲ್ವತ್ತರ ಹರೆಯ. ಹೊಲಮನೆಯ ಕೆಲಸದಲ್ಲಿ ಮುಳುಗಿದ್ದ ಎಷ್ಟೋ ಜನರ ಕೈಗೆ ಅದು ಬಂದದ್ದು ಮೊಮ್ಮಕ್ಕಳ ಮೊಬೈಲಿನ ಮೂಲಕ. ಅಕ್ಷರ ಕಲಿಯದವರಿಗೆ ಆ ಬಾಗಿಲೂ ಅರ್ಧವೇ ತೆರೆದದ್ದು.

ಆದರೆ ಮೆದುಳಿಗೆ ವ್ಯಾಯಾಮ ಕೊಡುವುದು ಯಂತ್ರವೊಂದೇ ಅಲ್ಲ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಅಧ್ಯಯನ ಮಾಡಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು 2013ರಲ್ಲಿ ವರದಿ ಮಾಡಿದರು. ನಿರಕ್ಷರಿಗಳಲ್ಲೂ ಈ ಅಂತರ ಕಂಡಿತು. ಗಡಿನಾಡಿನ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದುಗಳ ನಡುವೆ ಸರಾಗವಾಗಿ ವ್ಯಾಪಾರ ಮಾಡುವ ಅಜ್ಜಿಗೆ ಇದು ಸಣ್ಣ ಸಂಪತ್ತಲ್ಲ.

ಮೂರೂ ಕಡೆ ಕಾಣುವ ಸಾಮಾನ್ಯ ಸಂಗತಿ ಒಂದೇ: ಮಾತು, ಕಲಿಕೆ, ಜನರ ಒಡನಾಟ. ಕಿವಿ ಕೇಳಿಸದಿರುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಒಂಟಿತನ ಇವೆಲ್ಲ ಅಪಾಯ ಹೆಚ್ಚಿಸುತ್ತವೆಂದು ತಜ್ಞರು ಹೇಳುತ್ತಾರೆ. ಇವಕ್ಕೆ ಪರಿಹಾರ ಹುಡುಕುವುದು ಮನೆಯವರಿಗೂ ಸಾಧ್ಯ.

ಬೇಂದ್ರೆಯವರಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಕೃತಿಯ ಹೆಸರು ‘ಅರಳು ಮರಳು’. ಆಗ ಅವರಿಗೆ ಅರವತ್ತು ದಾಟಿತ್ತು. ಗಾದೆಯ ನೆಪದಲ್ಲಿ ಹಿರಿಯರ ಮರೆವನ್ನು ತಳ್ಳಿಹಾಕದೆ, ಅವರನ್ನು ವೈದ್ಯರ ಬಳಿ ಕರೆದೊಯ್ಯುವುದು ನಮ್ಮ ಹೊಣೆ.