ಚಿತ್ರ ತಿದ್ದುವ ವಿದ್ಯೆ: ಕಲ್ಲಚ್ಚಿನಿಂದ ಗಣಕದವರೆಗೆ



ಬೆಂಗಳೂರಿನ ಪಶ್ಚಿಮ ಅಂಚಿನಲ್ಲಿ, ಕೆಂಗೇರಿಗೂ ಜ್ಞಾನಭಾರತಿಗೂ ನಡುವೆ, ಉಲ್ಲಾಳ ಎಂಬ ಊರಿದೆ. ರಾಣಿ ಅಬ್ಬಕ್ಕನ ಕಡಲತೀರದ ಉಲ್ಲಾಳ ಬೇರೆ, ಇದು ಬೇರೆ. ಕೆರೆ, ಹೊಲ, ತೋಟಗಳಿದ್ದ ಹಳ್ಳಿ ಇಂದು ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆಯ ಬೀದಿಗಳೊಡನೆ ಬೆರೆತುಹೋಗಿದೆ. ಇಂಥ ಬಡಾವಣೆಯ ಯಾವ ವೃತ್ತದಲ್ಲಿ ನಿಂತರೂ ಕೆಲವು ವರ್ಷಗಳ ಹಿಂದೆ ನಿಮಗೆ ಒಂದು ಚಿತ್ರಶಾಲೆಯೇ ಕಾಣುತ್ತಿತ್ತು. ಮುಖಂಡರ ಹುಟ್ಟುಹಬ್ಬ, ಅಣ್ಣಮ್ಮದೇವಿ ಉತ್ಸವ, ರಾಜ್ಯೋತ್ಸವ, ಹೀಗೆ ಪ್ರತಿಯೊಂದಕ್ಕೂ ಒಂದು ಫ್ಲೆಕ್ಸ್! 2018ರ ಆಗಸ್ಟ್‌ನಲ್ಲಿ, ಉಚ್ಚ ನ್ಯಾಯಾಲಯ ಕಟುವಾಗಿ ಹೇಳಿದ ಮೇಲೆ, ಮಹಾನಗರ ಪಾಲಿಕೆ ಅವುಗಳನ್ನು ನಿಷೇಧಿಸಿತು. ಪೂರ್ತಿ ಮಾಯವಾದವು ಎಂದು ಹೇಳುವ ಧೈರ್ಯ ನನಗಿಲ್ಲ.

ಆ ಫ್ಲೆಕ್ಸ್‌ಗಳನ್ನು ನೋಡಿ ನಾವು ನಗುತ್ತಿದ್ದೆವು. ಯಾರದೋ ಮದುವೆಯ ಫೋಟೋದಿಂದ ಕತ್ತರಿಸಿ ತೆಗೆದ ಮುಖ. ಕೊರಳಲ್ಲಿ ಅರ್ಧ ಉಳಿದ ಹಾರ. ಹಿಂದೆ ಎಲ್ಲಿಯದೋ ಹಿಮಪರ್ವತ. ಆದರೆ ಅದನ್ನು ಮಾಡಿದ ಹುಡುಗ ಕಲಿತಿದ್ದ ವಿದ್ಯೆ ಸಾಮಾನ್ಯವಾದುದಲ್ಲ. ಒಂದು ಕಾಲಕ್ಕೆ ಕಲ್ಲಚ್ಚಿನವನು, ಬ್ಲಾಕ್ ಮಾಡುವವನು, ಸ್ಟುಡಿಯೋದಲ್ಲಿ ಫೋಟೋ ತಿದ್ದುವವನು, ಅಕ್ಷರ ಬರೆಯುವ ಕಲಾವಿದ ಎಂಬ ನಾಲ್ವರು ಮಾಡುತ್ತಿದ್ದ ಕೆಲಸವನ್ನು ಅವನು ಒಬ್ಬನೇ, ಒಂದು ಮೇಜಿನ ಮುಂದೆ ಕುಳಿತು ಮಾಡುತ್ತಿದ್ದ. ಆ ನಾಲ್ವರ ಕಥೆ ಗೊತ್ತಿಲ್ಲದೆ ಗಣಕದಲ್ಲಿ ಚಿತ್ರ ತಿದ್ದಲು ಕಲಿತರೆ ಗುಂಡಿಗಳ ಹೆಸರು ಬಾಯಿಪಾಠವಾದೀತು, ಅಷ್ಟೆ.

ಮೊದಲು ಮಂಗಳೂರಿಗೆ ಹೋಗೋಣ. 1843ರ ಜುಲೈ 1ರಂದು ಅಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆಯಾದ ಅದು ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದದ್ದು ಕಲ್ಲಿನಿಂದ. ಜಿಡ್ಡಿನ ಶಾಯಿಯಲ್ಲಿ ಮೂಡಿದ ಬರಹವನ್ನು ಕಲ್ಲಿಗೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ, ಅಚ್ಚಿನ ಮಸಿ ಸವರುತ್ತಾರೆ. ನೀರಿದ್ದ ಕಡೆ ಮಸಿ ಹಿಡಿಯದು, ಜಿಡ್ಡಿದ್ದ ಕಡೆ ಹಿಡಿಯುತ್ತದೆ. ಇಲ್ಲಿ ಒಂದು ಸಂಗತಿ ಗಮನಿಸಿ. ಕಲ್ಲಿಗೆ ಅಕ್ಷರವೂ ಚಿತ್ರವೂ ಒಂದೇ. ‘ಕ್ಷ್ಮೀ’ ಎಂಬ ತೊಡಕಿನ ಅಕ್ಷರವನ್ನು ಮೊಳೆಯಲ್ಲಿ ಜೋಡಿಸಲು ಎಷ್ಟು ತಲೆನೋವೋ, ಕಲ್ಲಿನ ಮೇಲೆ ಬರೆಯಲು ಅಷ್ಟು ಸುಲಭ. ಈ ಮಾತನ್ನು ನೆನಪಿನಲ್ಲಿಡಿ, ಮತ್ತೆ ಬೇಕಾಗುತ್ತದೆ.

ಫೋಟೋ ಬಂದಾಗ ಹೊಸ ಕಷ್ಟ ಬಂತು. ಅಚ್ಚಿನ ಯಂತ್ರಕ್ಕೆ ಕಪ್ಪು ಗೊತ್ತು, ಬಿಳುಪು ಗೊತ್ತು, ಬೂದು ಗೊತ್ತಿಲ್ಲ. ಮುಖದ ನೆರಳನ್ನು ಅಚ್ಚು ಮಾಡುವುದು ಹೇಗೆ? 1880ರ ದಶಕದಲ್ಲಿ ಹೊರದೇಶಗಳಲ್ಲಿ ರೂಢಿಗೆ ಬಂದ ಉಪಾಯವೆಂದರೆ ಜಾಲರಿಯ ಮೂಲಕ ಚಿತ್ರವನ್ನು ಚುಕ್ಕೆಗಳಾಗಿ ಒಡೆಯುವುದು. ದೊಡ್ಡ ಚುಕ್ಕೆ ಇದ್ದಲ್ಲಿ ಕಣ್ಣಿಗೆ ಕಪ್ಪು, ಸಣ್ಣ ಚುಕ್ಕೆ ಇದ್ದಲ್ಲಿ ಬೂದು. ನಮ್ಮ ಪತ್ರಿಕೆಗಳ ಸತುವಿನ ಬ್ಲಾಕುಗಳೂ ಹೀಗೆಯೇ ಆಗುತ್ತಿದ್ದವು. ಹಳೆಯ ದಿನಪತ್ರಿಕೆ ಸಿಕ್ಕಿದರೆ ಭೂತಗನ್ನಡಿ ಹಿಡಿದು ನೋಡಿ.

ನುಣುಪು ಕಾಗದದ ಅಚ್ಚಿಗೆ ಅಂಗುಲಕ್ಕೆ ಸುಮಾರು 150 ಸಾಲು ಚುಕ್ಕೆ ಬೇಕು. ಒಂದು ಸಾಲಿಗೆ ಎರಡರಂತೆ ಬಿಂದುಗಳನ್ನು ಒದಗಿಸಿದರೆ ಚಿತ್ರ ಸೊಗಸಾಗಿ ಮೂಡುತ್ತದೆ. ಗಣಕ ಕಲಿಸುವವರು ‘ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದು’ ಎಂದು ಬರೆಸುವುದು ಈ ಲೆಕ್ಕದಿಂದ. ಆರು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರದ ಚಿತ್ರಕ್ಕೆ 1800ನ್ನು 1200ರಿಂದ ಗುಣಿಸಿ: 21 ಲಕ್ಷ 60 ಸಾವಿರ ಬಿಂದುಗಳು. ಅಂತರಜಾಲದಿಂದ ಇಳಿಸಿಕೊಂಡ 600 ಬಿಂದು ಅಗಲದ ಚಿತ್ರ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಎರಡು ಅಂಗುಲಕ್ಕಿಂತ ಹಿಗ್ಗಲಾರದು; ಹಿಗ್ಗಿಸಿದರೆ ಮಂಕಾಗುತ್ತದೆ. ಹತ್ತು ಅಡಿಯ ಫ್ಲೆಕ್ಸ್‌ಗೆ ಮಾತ್ರ ಈ ಕಟ್ಟುನಿಟ್ಟು ಬೇಡ. ಅದನ್ನು ರಸ್ತೆಯ ಆಚೆಯಿಂದ ನೋಡುತ್ತೇವೆ, ಅಂಗುಲಕ್ಕೆ 72 ಬಿಂದು ಇದ್ದರೂ ನಡೆಯುತ್ತದೆ.

ಇನ್ನು ಗಣಕದ ಸರದಿ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ತಮ್ಮ ಹಸುಗೂಸಿನ ಫೋಟೋವನ್ನು ಗಣಕಕ್ಕೆ ಓದಿಸಿದರು. 176 ಸಾಲು, ಸಾಲಿಗೆ 176 ಬಿಂದು, ಅಷ್ಟೇ. ಆ ಕ್ಷಣದಿಂದ ಚಿತ್ರವೆಂದರೆ ಅಂಕಿಗಳ ಕೋಷ್ಟಕವಾಯಿತು, ಚಿತ್ರ ತಿದ್ದುವುದೆಂದರೆ ಅಂಕಿ ತಿದ್ದುವುದಾಯಿತು.

ಈ ವಿದ್ಯೆಗೂ ಬೆಂಗಳೂರಿಗೂ ಇರುವ ನಂಟು ಆಕಾಶದ್ದು. ಇಲ್ಲಿ ತಯಾರಾದ ಐ.ಆರ್.ಎಸ್.-1ಎ ಉಪಗ್ರಹ 1988ರ ಮಾರ್ಚ್ 17ರಂದು ಬೈಕನೂರಿನಿಂದ ಮೇಲೇರಿತು. ಅದರ ಒಂದು ಕ್ಯಾಮೆರಾದಲ್ಲಿ ಒಂದು ಬಿಂದು ಎಂದರೆ ನೆಲದ ಮೇಲೆ 72.5 ಮೀಟರ್ ಚೌಕ. ನಮ್ಮ ಲೆಕ್ಕದಲ್ಲಿ ಒಂದು ಎಕರೆ ಹನ್ನೆರಡು ಗುಂಟೆ. ರಸ್ತೆ ಬಿಟ್ಟು ಲೆಕ್ಕ ಹಾಕಿದರೆ ಮೂವತ್ತು-ನಲವತ್ತರ ಸೈಟುಗಳು ಸುಮಾರು 47! ಅಷ್ಟೂ ಮನೆಗಳು ಸೇರಿ ಒಂದು ಬಿಂದು. 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1ರ ಬಿಂದು 2.5 ಮೀಟರ್‌ನದು, ಅಲ್ಲಿ ಒಂದು ಸೈಟಿಗೇ ಹದಿನೆಂಟು ಬಿಂದು ಸಿಗುತ್ತವೆ.

ಉಪಗ್ರಹ ಚಿತ್ರಗಳಲ್ಲಿ ಹಸಿರು ಪೈರು ಕೆಂಪಾಗಿ ಕಾಣುವುದನ್ನು ನೀವು ನೋಡಿರಬಹುದು. ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಗಿಡಗಳು ಹೆಚ್ಚು ಹಿಂದಿರುಗಿಸುತ್ತವೆ; ಆ ಅಂಕಿಗೆ ತಜ್ಞರು ಬೇಕೆಂದೇ ಕೆಂಪು ಬಣ್ಣ ಕೊಡುತ್ತಾರೆ. ನೀರು ಕಪ್ಪಾಗಿ ಕಾಣುತ್ತದೆ, ಕೆರೆಯ ಅಂಚು ಖಚಿತವಾಗಿ ತಿಳಿಯುತ್ತದೆ. ಬಣ್ಣ ಸುಳ್ಳು, ಮಾಹಿತಿ ನಿಜ. ಯಾರೂ ಮೋಸ ಹೋಗುವುದಿಲ್ಲ, ಏಕೆಂದರೆ ಬಣ್ಣ ಬದಲಿಸಿದ್ದನ್ನು ಮೊದಲೇ ಹೇಳಿರುತ್ತಾರೆ.

ಹೇಳದೆ ಮಾಡಿದಾಗ? 1982ರ ಫೆಬ್ರವರಿಯಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಮುಖಪುಟದಲ್ಲಿ ಈಜಿಪ್ಟಿನ ಎರಡು ಪಿರಮಿಡ್‌ಗಳು ಗಣಕದ ಸಹಾಯದಿಂದ ಹತ್ತಿರ ಸರಿದವು, ಉದ್ದನೆಯ ಪುಟಕ್ಕೆ ಹೊಂದಲೆಂದು. ದೊಡ್ಡ ಗದ್ದಲವಾಯಿತು. ಇದಾದ ಎಂಟು ವರ್ಷಕ್ಕೆ, 1990ರ ಫೆಬ್ರವರಿಯಲ್ಲಿ, ಥಾಮಸ್ ಮತ್ತು ಜಾನ್ ನಾಲ್ ಸೋದರರು ರೂಪಿಸಿದ ಫೋಟೋಶಾಪ್ ಮಾರುಕಟ್ಟೆಗೆ ಬಂತು, ಮೊದಲು ಮ್ಯಾಕಿಂತಾಷ್ ಗಣಕಕ್ಕೆ ಮಾತ್ರ. ಪಿರಮಿಡ್ ಸರಿಸುವ ಶಕ್ತಿ ಮೆಲ್ಲಮೆಲ್ಲನೆ ನಮ್ಮ ಡಿ.ಟಿ.ಪಿ. ಅಂಗಡಿಗಳ ಮೇಜಿಗೂ ಬಂತು. ಕಾಸಿಲ್ಲದೆ ಕಲಿಯುವವರಿಗೆ 1996ರಿಂದ ಗಿಂಪ್ ಎಂಬ ಮುಕ್ತ ತಂತ್ರಾಂಶವಿದೆ. ಬರ್ಕಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ್ದು ಅದು.

ಅಂತರಜಾಲದ ಕಷ್ಟ ಬೇರೆ ಬಗೆಯದು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಅದು ಸಾರ್ವಜನಿಕರಿಗೆ ದೊರೆತಾಗ ದೂರವಾಣಿ ತಂತಿಯಲ್ಲಿ ಸೆಕೆಂಡಿಗೆ 9.6 ಕಿಲೋಬಿಟ್ ವೇಗ ಸಿಕ್ಕರೆ ಪುಣ್ಯ. 60 ಕಿಲೋಬೈಟಿನ ಒಂದು ಚಿತ್ರ ಮೂಡಲು 50 ಸೆಕೆಂಡು! ಅದಕ್ಕಾಗಿಯೇ 256 ಬಣ್ಣಗಳ ಜಿಫ್, ಕಣ್ಣಿಗೆ ತಿಳಿಯದ ವಿವರಗಳನ್ನು ಎಸೆಯುವ ಜೆಪೆಗ್ ಬಂದವು. ಎಸೆದದ್ದು ಮರಳಿ ಬಾರದು. ಜೆಪೆಗ್ ಚಿತ್ರವನ್ನು ತಿದ್ದಿ ತಿದ್ದಿ ಉಳಿಸಿದಂತೆಲ್ಲ ಅದು ಸವೆಯುತ್ತದೆ. ಮೂಲ ಪ್ರತಿಯನ್ನು ಮುಟ್ಟದೆ ಬೇರೆಡೆ ಇಡಬೇಕೆಂಬುದು ಇದಕ್ಕೇ. ಬಣ್ಣದಲ್ಲೂ ಭೇದವಿದೆ. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಕೂಡಿಸುತ್ತದೆ. ಕಾಗದದ ಮೇಲಿನ ಶಾಯಿ ಬೆಳಕನ್ನು ಕಳೆಯುತ್ತದೆ. ಪರದೆಯಲ್ಲಿ ಮಿನುಗಿದ ಗಿಳಿಹಸಿರು ಆಮಂತ್ರಣ ಪತ್ರಿಕೆಯಲ್ಲಿ ಬಾಡಿದ ಸೊಪ್ಪಿನಂತಾದರೆ ಮುದ್ರಕರನ್ನು ಬೈಯಬೇಡಿ.

ಕನ್ನಡಿಗರಿಗೆ ಇನ್ನೊಂದು ಹೆಚ್ಚಿನ ಪಾಡು. 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ದೊರೆತಿದ್ದರೂ ಚಿತ್ರ ತಿದ್ದುವ ತಂತ್ರಾಂಶಗಳು ಬಹುಕಾಲ ಒತ್ತಕ್ಷರಗಳನ್ನು ಕೂಡಿಸಲು ಅರಿಯದೆ ಚೆಲ್ಲಾಪಿಲ್ಲಿ ಮಾಡುತ್ತಿದ್ದವು. ನಮ್ಮವರು ಹಳೆಯ ಬಗೆಯ ಫಾಂಟುಗಳಲ್ಲಿ ಕೀಲಿಸಿ ಅಕ್ಷರವನ್ನೇ ಚಿತ್ರವಾಗಿಸಿ ಅಂಟಿಸಿದರು. ಆರಂಭದ ಎಷ್ಟೋ ಕನ್ನಡ ಜಾಲತಾಣಗಳಲ್ಲಿ ಬರಹವೆಂದರೆ ಬರಹದ ಚಿತ್ರವಾಗಿತ್ತು. ಮೋಗ್ಲಿಂಗರ ಕಲ್ಲಚ್ಚು ನೆನಪಾಯಿತೇ? ಅಲ್ಲಿ ಅದು ಅನುಕೂಲವಾಗಿತ್ತು. ಇಲ್ಲಿ ಹುಡುಕಿದರೆ ಸಿಗದ ಬರಹವಾಯಿತು.

ಕೊನೆಗೆ ಒಂದು ಸಿನಿಮಾ ಪ್ರಸಂಗ. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ 1965ರ ಕಪ್ಪು-ಬಿಳುಪು ಚಿತ್ರ. 2008ರ ಏಪ್ರಿಲ್‌ನಲ್ಲಿ ಅದು ಗಣಕದಿಂದ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂತು. ಹರಿಶ್ಚಂದ್ರನಾಗಿದ್ದ ಡಾ. ರಾಜಕುಮಾರ್ ಅದನ್ನು ನೋಡಲು ಇರಲಿಲ್ಲ. 2014ರಲ್ಲಿ ‘ಕಸ್ತೂರಿ ನಿವಾಸ’ವೂ ಹೀಗೆ ಬಂತು. ಚಲನಚಿತ್ರದ ಒಂದು ನಿಮಿಷಕ್ಕೆ 1440 ಚಿತ್ರಗಳು, ಗಂಟೆಗೆ 86,400. ಶ್ರಮ ದೊಡ್ಡದೇ. ಆದರೆ ಯೋಚಿಸಿ: ಕಪ್ಪು-ಬಿಳುಪು ಫಿಲ್ಮಿನಲ್ಲಿ ಉಳಿದಿರುವುದು ಬೆಳಕಿನ ಏರಿಳಿತ ಮಾತ್ರ. ಕೆಂಪು ಸೀರೆಯೂ ಹಸಿರು ಸೀರೆಯೂ ಒಂದೇ ಬೂದಾಗಿ ಮೂಡಬಲ್ಲವು. ಹಾಗಾದರೆ ಚಂದ್ರಮತಿಯ ಸೀರೆಗೆ ಕೊಟ್ಟ ಬಣ್ಣ ಯಾವ ಆಧಾರದ್ದು? ಊಹೆಯದು. ಹಾಗೆಂದು ಅದು ಮೋಸವಲ್ಲ. ಬಣ್ಣ ತುಂಬಿದ್ದೇವೆಂದು ಸಾರಿಯೇ ತೋರಿಸಿದರು, ಜನ ಕುತೂಹಲದಿಂದ ಹೋಗಿ ನೋಡಿದರು. ನನಗೆ ಸ್ಮಶಾನದ ದೃಶ್ಯಗಳಿಗೆ ಹಳೆಯ ಬೂದುಬಣ್ಣವೇ ಒಪ್ಪುತ್ತದೆ. ನೀವು ಎರಡನ್ನೂ ನೋಡಿ. ನಿಮ್ಮ ಮನೆಯಲ್ಲಿ ಅಜ್ಜಿಯ ಕಪ್ಪು-ಬಿಳುಪು ಫೋಟೋ ಇದ್ದರೆ ಅದಕ್ಕೂ ಒಮ್ಮೆ ಬಣ್ಣ ತುಂಬಿ ನೋಡಿ. ಸೀರೆ ಯಾವ ಬಣ್ಣದ್ದೆಂದು ಮೊದಲು ಅಜ್ಜಿಯನ್ನೇ ಕೇಳಿ.